ಅಪ್ಪ ಹೇಳಬೇಕಾದ ಪದ್ಯ

ಮಗಳ ಜಡೆಗೆ ಬಿಳಿ ರಿಬ್ಬನ್ನು ಕಟ್ಟುವುದೇ ಆ ದಿನದ ಅತಿ ದೊಡ್ಡ ಕಷ್ಟ ಎಂದು ಹೋಮಿದ್‌ಜಾನ್ ತಿಳಿದಿದ್ದ. ಹೆಂಡತಿ ಸಬೋಹತ್ ತಂಗಿಯ ಬಾಣಂತನಕ್ಕೆಂದು ಪಂಜಕೆಂತಿಗೆ ಹೋಗಿದ್ದಳು. ಅವಳ ಕೈಯಲ್ಲಿ ಹೂವಿನಂತೆ ಅರಳುತ್ತಿದ್ದ ರಿಬ್ಬನ್ನು ಇವನ ಕೈಯಲ್ಲಿ ಪ್ರತಿ ಸಲವೂ ಕೆಟ್ಟು ನಿಂತ ಗಾಡಿಯನ್ನು ಎಳೆಯುವ ಹಗ್ಗದ ಗಂಟಾಗುತ್ತಿತ್ತು. ಮೂರನೆಯ ಸಲ ಬಿಚ್ಚಿ ಕಟ್ಟುತ್ತಿರುವಾಗ ಮಗಳು ನಿಗೋರಾ ಕನ್ನಡಿಯಲ್ಲೇ ಅವನ ಮುಖ ನೋಡಿ ಕೇಳಿದಳು:

“ಅಪ್ಪಾ, ಯಾವ ಪದ್ಯ ಆರಿಸ್ಕೊಂಡೆ?”

“ಯಾವ ಪದ್ಯ?”

ನಿಗೋರಾ ಗಕ್ಕನೆ ತಿರುಗಿದಳು. ರಿಬ್ಬನ್ನು ಅಪ್ಪನ ಕೈಯಲ್ಲೇ ಉಳಿಯಿತು.

“ಇವತ್ತು ಮೂರು ಗಂಟೆಗೆ ಸ್ಕೂಲಲ್ಲಿ ನೀನು ಹೇಳ್ಬೇಕಲ್ಲ, ಆ ಪದ್ಯ!”

ಹೋಮಿದ್‌ಜಾನ್ ರಿಬ್ಬನ್ನನ್ನು ಬೆರಳಿಗೆ ಸುತ್ತತೊಡಗಿದ. ಹೋದ ವಾರ ವ್ಯಾನಿನ ಕೆಳಗೆ ಅಂಗಾತ ಮಲಗಿ, ಬಾಯಲ್ಲಿ ಬೋಲ್ಟು ಕಚ್ಚಿಕೊಂಡು ಸ್ಕ್ರೂ ಬಿಗಿಯುತ್ತಿದ್ದಾಗ, ಚಕ್ರದ ಪಕ್ಕದಲ್ಲಿ ಎರಡು ಪುಟ್ಟ ಬೂಟುಗಳು ಬಂದು ನಿಂತಿದ್ದು, ಏನೋ ಕೇಳಿದ್ದು, ತಾನು “ಹ್ಞೂಂ” ಎಂದದ್ದು ಮಸುಕುಮಸುಕಾಗಿ ನೆನಪಾಯಿತು.

ವಿಷಯ ಇಷ್ಟೇ. ಐದನೆಯ ತರಗತಿಯ ಫರಂಗೀಸ್ ಟೀಚರು ಮಕ್ಕಳಿಗೊಂದು ಕೆಲಸ ಕೊಟ್ಟಿದ್ದರು. ಪ್ರತಿ ಮಗುವೂ ಮನೆಯ ಹಿರಿಯರೊಬ್ಬರನ್ನು ಕರೆತರಬೇಕು. ಹಿರಿಯರು ತಮಗಿಷ್ಟವಾದ ಒಂದು ಪದ್ಯವನ್ನು ಪುಸ್ತಕ ನೋಡದೆ ಹೇಳಬೇಕು, ಮಗು ಅದರ ಅರ್ಥ ಹೇಳಬೇಕು. ಅಂಕ ಮಗುವಿಗೆ.

“ಯೂಲ್ದಾಶ್ ಬೋಬೋನ ಕರ್ಕೊಂಡು ಹೋಗ್ಬಾರ್ದಾ, ಪುಟ್ಟಾ? ಅವರಿಗೆ ಪದ್ಯ ಅಂದ್ರೆ ನೀರು ಕುಡಿದ ಹಾಗೆ.”

“ಎಲ್ಲಾರೂ ಅಜ್ಜಂದಿರನ್ನೇ ಕರ್ಕೊಂಡು ಬರ್ತಾರೆ. ನಾನು ನಮ್ಮಪ್ಪನ್ನ ಕರ್ಕೊಂಡು ಬರ್ತೀನಿ ಅಂದೆ. ಅದಕ್ಕೆ ರುಖ್ಸೋರಾ ನಕ್ಕಳು.” ನಿಗೋರಾಳ ದನಿ ಸಣ್ಣಗಾಯಿತು. “ನಿಮ್ಮಪ್ಪ ವ್ಯಾನ್ ಓಡಿಸ್ತಾರಲ್ವಾ, ಸ್ಟಾಪುಗಳ ಹೆಸರು ಬಿಟ್ರೆ ಅವರ ಬಾಯಲ್ಲಿ ಇನ್ನೇನು ಬರುತ್ತೆ ಅಂದ್ಲು.”

ಇಷ್ಟಾದ ಮೇಲೆ ಯಾವ ಅಪ್ಪ ತಾನೇ ಹಿಂದೆ ಸರಿದಾನು? “ಬರ್ತೀನಿ ಕಣೇ, ಯಾಕೆ ಹೆದರ್ತೀಯ? ಎಂಥ ಪದ್ಯ ಹೇಳ್ತೀನಿ ನೋಡು,” ಎಂದು ಹೋಮಿದ್‌ಜಾನ್ ಎದೆ ಮುಂದೆ ಮಾಡಿದ. ಮಗಳು ಅರ್ಧ ಬಿಚ್ಚಿದ ಜಡೆಯಲ್ಲೇ ಕುಣಿಯುತ್ತ ಸ್ಕೂಲಿಗೆ ಹೋದಳು. ಅವಳು ತಿರುವಿನಲ್ಲಿ ಮರೆಯಾದ ಮೇಲೆ ಎದೆ ತಾನಾಗಿ ಹಿಂದಕ್ಕೆ ಹೋಯಿತು.

ಖುಜಂದ್ ಊರಿನಲ್ಲಿ ಪದ್ಯ ಬಾರದವನೆಂದರೆ ಮೂಗಿಲ್ಲದವನ ಹಾಗೆ. ಅಲ್ಲಿ ಕೊಳೆತ ಟೊಮೆಟೊ ಮಾರುವವನೂ ಎರಡು ಸಾಲು ಹೇಳಿಯೇ ಕೊಳೆತದ್ದನ್ನು ಚೀಲಕ್ಕೆ ಹಾಕುತ್ತಾನೆ. ಹಲ್ಲು ಕೀಳುವ ಡಾಕ್ಟರು ಇಕ್ಕಳ ಹಿಡಿದುಕೊಂಡೇ ವಿರಹದ ಪದ್ಯ ಹೇಳುತ್ತಾರೆ. ಅಂಥ ಊರಿನಲ್ಲಿ ಹುಟ್ಟಿಯೂ ಹೋಮಿದ್‌ಜಾನನಿಗೆ ಒಂದು ಪದ್ಯವೂ ನಿಲ್ಲುತ್ತಿರಲಿಲ್ಲ. ಎರಡು ಸಾಲು ಸಲೀಸಾಗಿ ಬರುತ್ತಿದ್ದವು. ಮೂರನೆಯದಕ್ಕೆ ಬಂದರೆ ಏರಿನಲ್ಲಿ ಪೆಟ್ರೋಲು ಮುಗಿದ ವ್ಯಾನಿನಂತೆ ನಾಲಿಗೆ ಗುರುಗುಟ್ಟಿ ನಿಂತುಬಿಡುತ್ತಿತ್ತು.

ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಊರಿಗೆ ಮೊಬೈಲು ಹೊಸದಾಗಿ ಬಂದಿದ್ದ ಕಾಲ. ಇಟ್ಟಿಗೆಯಂಥ ಆ ಫೋನಿನಲ್ಲಿ ಮಾತಾಡಿದರೆ ಇಡೀ ಅಂಗಳಕ್ಕೆ ಕೇಳಿಸುತ್ತಿತ್ತು.

“ಏನ್ರೀ, ನಿನ್ನೆ ಫೋನಲ್ಲಿ ನಿಗೋರಾ ಎಲ್ಲಾ ಹೇಳಿದ್ಲು,” ಎಂದಳು ಸಬೋಹತ್. “ನೀವೇನೂ ಹುಡುಕ್ಬೇಡಿ. ಮದುವೆಗೆ ಮುಂಚೆ ಹೊಳೆ ದಂಡೇಲಿ ನನಗೊಂದು ಪದ್ಯ ಹೇಳಿದ್ರಲ್ಲ, ಅದನ್ನೇ ಹೇಳಿ. ಅದನ್ನ ಕೇಳೇ ಅಲ್ವಾ ನಾನು ನಿಮ್ಮನ್ನ ಒಪ್ಕೊಂಡಿದ್ದು! ನಿಮ್ಮ ಫೋನನ್ನ ಮಗಳ ಹತ್ರ ಇಟ್ಟಿರಿ, ನಾನೂ ಕೇಳಿಸ್ಕೋತೀನಿ.”

ಹೋಮಿದ್‌ಜಾನ್ ಗೋಡೆಗೆ ಒರಗಿದ. ಆ ಪದ್ಯ ಅವನದಾಗಿರಲಿಲ್ಲ. ಅವತ್ತು ಸಿರ್ ದರ್ಯಾ ಹೊಳೆಯ ದಂಡೆಯಲ್ಲಿ, ಹಿಪ್ಪುನೇರಳೆ ಮರದ ಹಿಂದೆ ಗೆಳೆಯ ಶೋದಿ ಅವಿತು ನಿಂತು ಸಾಲು ಸಾಲಾಗಿ ಪಿಸುಗುಟ್ಟಿದ್ದ. ಇವನು ಸಬೋಹತಳ ಕಣ್ಣನ್ನೇ ನೋಡುತ್ತ ಅದನ್ನು ಗಿಳಿಯಂತೆ ಒಪ್ಪಿಸಿದ್ದ. ಸಂಸಾರ ನಡೆದುಬಂದದ್ದು ಆ ಪದ್ಯದ ಬಲದ ಮೇಲೆ.

“ಹ್ಞೂಂ,” ಎಂದ ಹೋಮಿದ್‌ಜಾನ್. ಅವನಿಗೆ ಚೆನ್ನಾಗಿ ಬರುತ್ತಿದ್ದದ್ದು ಅದೊಂದೇ ಪದ.

ಫೋನು ಜೇಬಿಗೆ ಸೇರುವ ಮೊದಲೇ ಅಂಗಳದ ಆಚೆ ಮಂಚದ ಮೇಲೆ ಕೂತಿದ್ದ ಯೂಲ್ದಾಶ್ ಬೋಬೋ ಊರುಗೋಲನ್ನು ನೆಲಕ್ಕೆ ಕುಟ್ಟಿದರು. ಬೋಬೋ ಎಂದರೆ ಆ ಕೇರಿಗೆಲ್ಲ ಅಜ್ಜ. ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ಕಾಲುವೆಯ ನೀರು ನಿಂತರೂ ಅವರ ಮಾತು ನಿಲ್ಲುತ್ತಿರಲಿಲ್ಲ.

“ಸ್ಕೂಲಲ್ಲಿ ಪ್ರೇಮದ ಪದ್ಯ ಹೇಳ್ತೀಯೇನೋ? ನಾಚಿಕೆ ಆಗಲ್ವಾ? ಮಕ್ಕಳಿಗೆ ವೀರರ ಪದ್ಯ ಬೇಕು. ಕೂತ್ಕೋ ಇಲ್ಲಿ.”

“ಬೋಬೋ, ಗಾಡಿ ಹೊರಡಿಸ್ಬೇಕು…”

“ಗಾಡಿ ಎಲ್ಲಿಗೆ ಹೋಗುತ್ತೆ? ಕೂತ್ಕೋ ಅಂದೆ!”

ಹೋಮಿದ್‌ಜಾನ್ ಕೂತ. ಬೋಬೋ ಕಣ್ಣು ಮುಚ್ಚಿ ಕೈ ಎತ್ತಿದರು. “ಏಳು ಕಣಿವೆ ದಾಟಿ ಬಂದ ದೊರೆಯ ಕುದುರೆ ಕೆನೆಯಿತು! ಕೆನೆದ ದನಿಗೆ ಹಗೆಯ ಕೋಟೆ ಮಣ್ಣಿನಂತೆ ಮಣಿಯಿತು!” ಕುದುರೆ ಕಣಿವೆ ದಾಟಿತು, ಹೊಳೆ ದಾಟಿತು, ನೀರು ಕುಡಿಯಿತು, ಬಾಲ ಕೊಡವಿತು. ಅರ್ಧ ಗಂಟೆಯಾದರೂ ದೊರೆ ಇನ್ನೂ ಅದರಿಂದ ಇಳಿದಿರಲಿಲ್ಲ.

“ಎಷ್ಟಿದೆ ಬೋಬೋ ಇದು?” ಹೋಮಿದ್‌ಜಾನ್ ಅಳುವ ದನಿಯಲ್ಲಿ ಕೇಳಿದ.

“ಯುದ್ಧ ಇನ್ನೂ ಶುರುವೇ ಆಗಿಲ್ವಲ್ಲೋ! ಇದನ್ನೇ ಹೇಳ್ತೀಯ ತಾನೇ? ನಾನೇ ಬಂದು ಮುಂದಿನ ಸಾಲಲ್ಲಿ ಕೂತ್ಕೋತೀನಿ. ಬೇರೆ ಏನಾದ್ರೂ ಹೇಳಿದ್ಯೋ, ನನ್ನ ಸಾವಿಗೆ ಬರ್ಬೇಡ.”

“ಹ್ಞೂಂ,” ಎಂದ ಹೋಮಿದ್‌ಜಾನ್.

ಗೇಟಿನ ಬಳಿ ಗುಲ್ಸುಮ್ ಖಾಲಾ ತಂದೂರಿ ಒಲೆಯೊಳಗೆ ಅರ್ಧ ಇಳಿದು ರೊಟ್ಟಿ ತೆಗೆಯುತ್ತಿದ್ದಳು. ಕೇರಿಗೆಲ್ಲ ಚಿಕ್ಕಮ್ಮನಂತಿದ್ದ ಅವಳು ಒಲೆಯಿಂದ ಕೆಂಪಗಿನ ಮುಖವನ್ನು ಹೊರಗೆ ತೆಗೆದಳು.

“ಹೋಮಿದ್‌ಜಾನ್, ಮಗನೇ, ಆ ಮುದುಕನ ಕುದುರೆ ಮಾತು ಕೇಳ್ಬೇಡ. ಎಲ್ಲರಿಗೂ ನಿದ್ದೆ ಬರುತ್ತೆ. ಪದ್ಯ ಅಂದ್ರೆ ಕರುಳು ಹಿಂಡ್ಬೇಕು. ತಗೋ, ರೊಟ್ಟಿ ತಿನ್ನು, ಕೇಳು.” ಬಿಸಿ ರೊಟ್ಟಿಯನ್ನು ಅವನ ಕೈಗಿಟ್ಟು ಶುರುಮಾಡಿದಳು. “ನೀನಿಲ್ಲದೀ ಮನೆಗೆ ಬೆಳಗು ಕೂಡ ಬಾಗಿಲು ತಟ್ಟಿ ಬರುವುದು… ತಟ್ಟಿ ಬರುವುದು…”

ಮುಂದಿನ ಸಾಲು ಬರಲಿಲ್ಲ. ಖಾಲಾ ತಲೆವಸ್ತ್ರದ ತುದಿಯಿಂದ ಮುಖ ಮುಚ್ಚಿಕೊಂಡು ಗೊಳೋ ಎಂದು ಅಳತೊಡಗಿದಳು. ತೀರಿಹೋದ ಗಂಡ ಆ ಪದ್ಯವನ್ನು ಹಾಡುತ್ತಿದ್ದನಂತೆ. ಹೋಮಿದ್‌ಜಾನನಿಗೆ ರೊಟ್ಟಿ ಅಗಿಯಬೇಕೋ ಬೇಡವೋ ತಿಳಿಯಲಿಲ್ಲ. ಬಿಸಿ ರೊಟ್ಟಿ, ಹೊಟ್ಟೆ ಹಸಿದಿತ್ತು. ಮೆಲ್ಲಗೆ, ಸದ್ದಾಗದಂತೆ ಅಗಿದ.

“ಇದನ್ನ ಹೇಳ್ತೀಯಲ್ವಾ? ನಿನ್ನ ಬಾಯಿಂದ ಇನ್ನೊಂದ್ಸಲ ಕೇಳ್ಬೇಕು ನಾನು. ಬರ್ತೀನಿ ಸ್ಕೂಲಿಗೆ.”

ಅಳುವ ಹೆಂಗಸಿಗೆ ಇಲ್ಲ ಎನ್ನುವುದಾದರೂ ಹೇಗೆ? ಬಾಯಿ ತುಂಬ ರೊಟ್ಟಿಯಿತ್ತು. “ಹ್ಞೂಂ,” ಎಂದ.

ವ್ಯಾನಿನಲ್ಲಾದರೂ ನೆಮ್ಮದಿಯಾಗಿ ಒಂದನ್ನು ಬಾಯಿಪಾಠ ಮಾಡೋಣವೆಂದು ಸ್ಟೇರಿಂಗು ಹಿಡಿದು “ಏಳು ಕಣಿವೆ ದಾಟಿ ಬಂದ ದೊರೆಯ ಕುದುರೆ…” ಎಂದು ಗೊಣಗಿದ. ಅದೇ ತಪ್ಪಾಯಿತು. ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಕುಂಬಳಕಾಯಿ ಇಟ್ಟುಕೊಂಡಿದ್ದ ಹೆಂಗಸು ಕೂಡಲೇ ಬಾಯಿ ಹಾಕಿದಳು.

“ಏಳಲ್ಲಪ್ಪಾ, ಒಂಬತ್ತು ಕಣಿವೆ.”

“ಏಳೇ ಕಣಮ್ಮಾ!” ಎಂದ ಕಿಟಕಿಯ ಪಕ್ಕದವನು. “ನಮ್ಮೂರಲ್ಲಿ ಏಳೇ ಹೇಳೋದು.”

“ನಿಮ್ಮೂರಲ್ಲಿ ಕಣಿವೆ ಎಲ್ಲಿದೆ, ಬರೀ ಹತ್ತಿ ಹೊಲ!”

ಮೂರು ನಿಲ್ದಾಣ ದಾಟುವಷ್ಟರಲ್ಲಿ ಇಡೀ ವ್ಯಾನು ಎರಡು ಪಕ್ಷವಾಯಿತು. ಒಬ್ಬ ಮುದುಕ ಎದ್ದು ನಿಂತು ಯುದ್ಧದ ಭಾಗವನ್ನೇ ಶುರುಮಾಡಿ, ಕತ್ತಿ ಬೀಸುವಲ್ಲಿ ಪಕ್ಕದವನ ಟೋಪಿಯನ್ನು ಹಾರಿಸಿದ. ಬಾಯಿ ತೆರೆದು ಕೇಳುತ್ತಿದ್ದ ಹೋಮಿದ್‌ಜಾನ್ ಆಸ್ಪತ್ರೆಯ ಬಳಿ ನಿಲ್ಲಿಸುವುದನ್ನು ಮರೆತ, ಬಜಾರಿನ ತಿರುವನ್ನೂ ಮರೆತ. ಜ್ಞಾನೋದಯವಾದಾಗ ವ್ಯಾನು ಊರಾಚೆ ಜರ್ದಾಳು ಹಣ್ಣಿನ ತೋಟಗಳ ನಡುವೆ ಓಡುತ್ತಿತ್ತು. ಆಗ ಮಾತ್ರ ಎರಡೂ ಪಕ್ಷಗಳು ಒಂದಾದವು. ಅವನನ್ನು ಬೈಯುವುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಎಲ್ಲರನ್ನೂ ಅವರವರ ಜಾಗಕ್ಕೆ ಮುಟ್ಟಿಸಿ, ಮಧ್ಯಾಹ್ನ ಹೋಮಿದ್‌ಜಾನ್ ನೇರವಾಗಿ ಶೋದಿಯ ಚಾಯ್‌ಖಾನೆಗೆ ಹೋಗಿ ಕುಸಿದು ಕೂತ. ಅದೇ ಶೋದಿ, ಮರದ ಹಿಂದಿನವನು. ಈಗ ಹೊಟ್ಟೆ ಬಂದು ಯಾವ ಮರದ ಹಿಂದೆಯೂ ಅವಿತುಕೊಳ್ಳುವ ಹಾಗಿರಲಿಲ್ಲ.

“ಶೋದಿ, ನೀನೇ ಕಾಪಾಡ್ಬೇಕು. ಅವತ್ತು ಹೊಳೆ ಹತ್ರ ಹೇಳಿಕೊಟ್ಟೆಯಲ್ಲ, ಆ ಪದ್ಯ ಹೇಳು.”

ಶೋದಿ ಹಸಿರು ಚಹಾ ಬಗ್ಗಿಸುತ್ತ ತಲೆ ಕೆರೆದುಕೊಂಡ. “ಅದಾ? ನನಗೇ ಮರೆತುಹೋಗಿದೆ ಮಾರಾಯಾ. ಅವತ್ತೂ ಪೂರ್ತಿ ನೆನಪಿರ್ಲಿಲ್ಲ, ಅರ್ಧ ನಾನೇ ಕಟ್ಟಿ ಬಿಟ್ಟಿದ್ದೆ.”

“ಕಟ್ಟಿ ಬಿಟ್ಟಿದ್ಯಾ?”

“ನಿನ್ನ ಮದುವೆ ಆಯ್ತೋ ಇಲ್ವೋ? ಬಿಡು. ಈಗ ಸ್ಕೂಲಿಗೆ ತಾನೇ? ಜನ ನಗ್ಬೇಕು. ಇದನ್ನ ಕೇಳು, ನಂದೇ ಸ್ವಂತದ್ದು.” ಗಂಟಲು ಸರಿಮಾಡಿಕೊಂಡ. “ಹೆಂಡತಿ ತವರಿಗೆ ಹೊರಟಳು, ಗೇಟಲಿ ತಿರುಗಿ ನೋಡಿದಳು; ನಗುತಾ ಇದ್ದೆ ನಾನೆಂದು ಅರ್ಧ ದಾರಿಯಿಂದಲೇ ಮರಳಿದಳು!”

ಹೇಳಿ ತಾನೇ ನಕ್ಕ, ನಕ್ಕು ಕೆಮ್ಮಿದ. ಚಾಯ್‌ಖಾನೆಯೆಲ್ಲ ನಕ್ಕಿತು. ಹೋಮಿದ್‌ಜಾನನಿಗೆ ಮಾತ್ರ ಫೋನಿನಲ್ಲಿ ಕಿವಿಯಿಟ್ಟು ಕೂತ ಸಬೋಹತ್ ಕಣ್ಣಮುಂದೆ ಬಂದಳು.

“ಸಣ್ಣದು, ಎರಡೇ ಸಾಲು, ನಿನ್ನ ತಲೆಗೆ ಹೇಳಿ ಮಾಡಿಸಿದ ಹಾಗಿದೆ,” ಎಂದ ಶೋದಿ ಬೆನ್ನು ತಟ್ಟುತ್ತ. “ಇದನ್ನ ಹೇಳು. ಅಂಗಡಿ ಮುಚ್ಚಿ ನಾನೂ ಬರ್ತೀನಿ. ನನ್ನ ಪದ್ಯ ಸ್ಕೂಲಲ್ಲಿ ಕೇಳೋ ಯೋಗ ಯಾವಾಗ ಬರುತ್ತೆ!”

“ಹ್ಞೂಂ,” ಎಂದ ಹೋಮಿದ್‌ಜಾನ್, ಮುಳುಗುವವನು ಬಿಡುವ ಗುಳ್ಳೆಯ ಹಾಗೆ.

ಮೂರು ಗಂಟೆಗೆ ತರಗತಿ ಕಿಕ್ಕಿರಿದಿತ್ತು. ಮೊದಲ ಸಾಲಿನಲ್ಲಿ ಯೂಲ್ದಾಶ್ ಬೋಬೋ ಎದೆಯ ತುಂಬ ಪದಕಗಳನ್ನು ಚುಚ್ಚಿಕೊಂಡು ಕೂತಿದ್ದರು. ಪಕ್ಕದಲ್ಲಿ ಗುಲ್ಸುಮ್ ಖಾಲಾ, ಮಡಿಲಲ್ಲಿ ದೊಡ್ಡ ಕರವಸ್ತ್ರ, ಕಣ್ಣು ಆಗಲೇ ಒದ್ದೆ. ಅವಳ ಪಕ್ಕ ಶೋದಿ, ನಗಲು ತಯಾರಾಗಿ ಬಾಯಿ ಅರ್ಧ ತೆರೆದಿದ್ದ. ಮಗಳ ಬೆಂಚಿನ ಮೇಲೆ ಅವನ ಫೋನು, ಅದರೊಳಗೆ ಸಬೋಹತ್. ನಾಲ್ಕು ಕಡೆಯಿಂದ ನಾಲ್ಕು ಬಂದೂಕು ಗುರಿಯಿಟ್ಟ ಹಾಗಿತ್ತು.

ಅಜ್ಜಂದಿರು ಒಬ್ಬರ ಹಿಂದೊಬ್ಬರು ಎದ್ದು ನಿರರ್ಗಳವಾಗಿ ಪದ್ಯ ಸುರಿಸಿದರು. ರುಖ್ಸೋರಾಳ ಅಜ್ಜನಂತೂ ಹೇಳುತ್ತ ಹೇಳುತ್ತ ಕುಣಿದೇ ಬಿಟ್ಟ. ಆಮೇಲೆ ಫರಂಗೀಸ್ ಟೀಚರು ಕನ್ನಡಕದ ಮೇಲಿನಿಂದ ನೋಡಿದರು.

“ನಿಗೋರಾಳ ತಂದೆ.”

ಹೋಮಿದ್‌ಜಾನ್ ಎದ್ದು ಕರಿಹಲಗೆಯ ಮುಂದೆ ಬಂದು ನಿಂತ. ನಾಲಿಗೆ ಒಣಗಿದ ಜರ್ದಾಳುವಾಗಿತ್ತು. ಬಾಯಿ ತೆರೆದ. ದೊರೆಯ ಕುದುರೆ ಬಾಗಿಲು ತಟ್ಟಿತು, ಬೆಳಗು ತವರಿಗೆ ಹೊರಟಿತು, ಎಲ್ಲವೂ ಸೇರಿ ತಲೆಯೊಳಗೆ ಕಲಸುಮೇಲೋಗರವಾಗಿ, ಆಮೇಲೆ ಒಮ್ಮೆಗೇ ಎಲ್ಲ ಅಳಿಸಿಹೋಯಿತು. ರುಖ್ಸೋರಾ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ನಿಗೋರಾ ಮಾತ್ರ ರೆಪ್ಪೆ ಬಡಿಯದೆ ಅಪ್ಪನನ್ನೇ ನೋಡುತ್ತಿದ್ದಳು. ಆ ನೋಟದ ಮುಂದೆ ಸುಳ್ಳು ಹೇಳುವ ಧೈರ್ಯವೂ ಅವನಿಗೆ ಉಳಿಯಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿ ಕ್ಷಮೆ ಕೇಳಿ ಹೋಗಿಬಿಡೋಣ ಎಂದುಕೊಂಡ. ಒಂದೊಂದು ಮಾತಿಗೂ ನಿಂತು ಉಸಿರೆಳೆದುಕೊಳ್ಳಬೇಕಾಯಿತು.

“ನನ್ನ ಹತ್ರ ಪದ್ಯ ಇಲ್ಲ,” ಎಂದ.

ಬೋಬೋ ಊರುಗೋಲಿನ ಮೇಲೆ ಮುಂದಕ್ಕೆ ಬಾಗಿದರು.

“ಬೆಳಿಗ್ಗೆಯಿಂದ ಎಲ್ಲಾರೂ ಕೊಟ್ರು. ಅಜ್ಜ ಒಂದು ಕುದುರೆ ಕೊಟ್ರು. ದೊಡ್ಡ ಕುದುರೆ… ನನ್ನ ಸಣ್ಣ ಗಾಡಿಲಿ ಹಿಡೀಲಿಲ್ಲ.”

ಬೆವರು ಒರೆಸಿಕೊಂಡ.

“ಒಲೆ ಮುಂದೆ ಒಬ್ಬಳು ತಾಯಿ ರೊಟ್ಟಿ ಕೊಟ್ಟಳು. ಜೊತೆಗೆ ಕಣ್ಣೀರೂ ಕೊಟ್ಟಳು. ರೊಟ್ಟಿ ಮುಗೀತು… ಕಣ್ಣೀರು ಎಲ್ಲಿಡ್ಲಿ?”

ಖಾಲಾ ಬಿಕ್ಕಿದಳು.

“ಹೊಳೆ ದಂಡೇಲಿ ಒಬ್ಬಳಿಗೆ ಮಾತು ಕೊಟ್ಟೆ. ಆ ಮಾತು ನಂದಲ್ಲ. ಮರದ ಹಿಂದೆ ನಿಂತಿದ್ದೋನ್ದು.”

ಶೋದಿಗೆ ಕೆಮ್ಮು ಹತ್ತಿತು.

“ಮಗಳು ಕೇಳಿದಾಗ ಹ್ಞೂಂ ಅಂದೆ. ಬಾಯಲ್ಲಿ ಬೋಲ್ಟ್ ಇತ್ತು. ಈಗ ಬಾಯಿ ಖಾಲಿ… ಏನೂ ಇಲ್ಲ. ನಿಗೋರಾ, ಬಾ. ಮನೆಗೆ ಹೋಗೋಣ.”

ತಲೆ ತಗ್ಗಿಸಿ ನಿಂತ. ಫರಂಗೀಸ್ ಟೀಚರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ಅವರ ಹಿಂದೆಯೇ ಇಡೀ ತರಗತಿ.

“ಮಕ್ಕಳೇ, ಹಳೇ ಕಾವ್ಯ ಬೇಕಾದಷ್ಟು ಕೇಳಿದ್ರಿ. ಇದು ಹೊಸ ಕಾವ್ಯ!” ಟೀಚರ ದನಿ ನಡುಗುತ್ತಿತ್ತು. “ಪ್ರಾಸ ಇಲ್ಲ, ಲಯ ಇಲ್ಲ, ಒಡವೆ ಇಲ್ಲ. ಬರೀ ಬದುಕು. ‘ನನ್ನ ಹತ್ರ ಪದ್ಯ ಇಲ್ಲ’ ಅಂತ ಶುರುವಾಗುವ ಪದ್ಯ! ಇದು ನಿಮ್ಮದೇ ರಚನೆಯೋ?”

ಹೋಮಿದ್‌ಜಾನ್ ಕಕ್ಕಾಬಿಕ್ಕಿಯಾಗಿ ಸುತ್ತ ನೋಡಿದ. “ಹ್ಞೂಂ,” ಎಂದ.

“ಮರದ ಹಿಂದೆ ನಿಂತವನು ಯಾರು? ವಿಧಿಯೋ? ಮೃತ್ಯುವೋ?”

ಶೋದಿ ಟೋಪಿಯನ್ನು ಹಣೆಯ ಮೇಲೆ ಎಳೆದುಕೊಂಡ.

“ಬೇಡ, ಹೇಳ್ಬೇಡಿ. ಗುಟ್ಟು ಗುಟ್ಟಾಗಿಯೇ ಇರಲಿ,” ಎಂದರು ಟೀಚರು. “ನಿಗೋರಾ, ಅರ್ಥ ನೀನು ಹೇಳ್ಬೇಕಮ್ಮಾ.”

ನಿಗೋರಾ ಎದ್ದು ನಿಂತಳು. ಅಪ್ಪನನ್ನೊಮ್ಮೆ ನೋಡಿದಳು.

“ಇದರ ಅರ್ಥ… ನಮ್ಮಪ್ಪನಿಗೆ ಯಾರಿಗೂ ಇಲ್ಲ ಅನ್ನೋಕೆ ಬರೋದಿಲ್ಲ ಅಂತ. ಅಷ್ಟೇ, ಟೀಚರ್.”

ಐದಕ್ಕೆ ಐದು ಅಂಕ. ರುಖ್ಸೋರಾ ಬಾಯಿ ಮುಚ್ಚಿ ಕೂತಳು. ಹೋಮಿದ್‌ಜಾನನ ಎದೆಯ ಮೇಲಿನ ಭಾರವೆಲ್ಲ ಇಳಿಯಿತು ಎನ್ನುವಾಗ ಟೀಚರು ಅವನ ಕೈ ಕುಲುಕುತ್ತ ಎಲ್ಲರಿಗೂ ಕೇಳುವಂತೆ ಹೇಳಿದರು:

“ಸೋಮವಾರ ಇನ್ಸ್‌ಪೆಕ್ಟರು ಬರ್ತಾರೆ. ಅಷ್ಟರೊಳಗೆ ಇಡೀ ತರಗತಿ ಈ ಪದ್ಯವನ್ನ ಬಾಯಿಪಾಠ ಮಾಡ್ಬೇಕು. ನಿಗೋರಾ ನಾಳೆ ಬರೆದುಕೊಂಡು ಬರ್ತಾಳೆ. ಸೋಮವಾರ ಮೊದಲು ಕವಿಗಳೇ ಬಂದು ಹೇಳ್ತಾರೆ. ಬರ್ತೀರಲ್ಲ?”

“ಹ್ಞೂಂ,” ಎಂದಿತು ಬಾಯಿ, ಅವನನ್ನು ಕೇಳದೆಯೇ.

ಮನೆಗೆ ಬರುತ್ತಲೇ ನಿಗೋರಾ ಅಂಗಳದ ಮಂಚದ ಮೇಲೆ ಕಾಗದ, ಪೆನ್ಸಿಲು ಹರಡಿಕೊಂಡು ಕೂತಳು. “ಹೇಳಪ್ಪಾ, ಬರ್ಕೋತೀನಿ.”

“ನನ್ನ ಹತ್ರ ಪದ್ಯ ಇಲ್ಲ,” ಎಂದ ಹೋಮಿದ್‌ಜಾನ್.

“ಹ್ಞಾಂ, ಆಮೇಲೆ?”

“ಬೆಳಿಗ್ಗೆಯಿಂದ ಎಲ್ಲಾರೂ ಕೊಟ್ರು…” ಮೂರನೆಯ ಸಾಲು. ಹೋಮಿದ್‌ಜಾನ್ ಆಕಾಶ ನೋಡಿದ, ನೆಲ ನೋಡಿದ. ಹೆದರಿಕೆಯಲ್ಲಿ ಆಡಿದ ಮಾತು, ಬೆವರಿನ ಜೊತೆಗೇ ಆರಿಹೋಗಿತ್ತು. “ಆಮೇಲೆ ಏನಂದೆ ನಾನು?”

ಅಷ್ಟರಲ್ಲಿ ಸಬೋಹತಳ ಫೋನು ಬಂತು. ಹೋಮಿದ್‌ಜಾನ್ ಬಲಿಗೆ ಹೊರಟ ಕುರಿಯಂತೆ ಅದನ್ನು ಕಿವಿಗೆ ಹಿಡಿದ.

“ಮರದ ಹಿಂದೆ ಶೋದಿ ಇದ್ದದ್ದು ನನಗೆ ಅವತ್ತೇ ಗೊತ್ತಿತ್ತು ಕಣ್ರೀ,” ಎಂದಳು ಸಬೋಹತ್. “ಅಷ್ಟು ಜೋರಾಗಿ ಕೆಮ್ತಿದ್ದ. ಗಿಳಿ ಹಾಗೆ ಒಪ್ಪಿಸೋವಾಗ ನಿಮ್ಮ ಕಿವಿ ಕೆಂಪಗಾಗಿತ್ತಲ್ಲ, ಅದನ್ನ ನೋಡಿ ಒಪ್ಕೊಂಡೆ. ಇವತ್ತಿಂದು ಮಾತ್ರ ನಿಮ್ದೇ. ಎಷ್ಟು ಚೆನ್ನಾಗಿತ್ತು! ನನಗೋಸ್ಕರ ಇನ್ನೊಂದ್ಸಲ ಹೇಳಿ.”

ಹೋಮಿದ್‌ಜಾನನ ಕಿವಿ ಮತ್ತೆ ಕೆಂಪಗಾಯಿತು. “ಹ್ಞೂಂ… ಆಮೇಲೆ ಫೋನ್ ಮಾಡ್ತೀನಿ,” ಎಂದು ಫೋನು ಇಟ್ಟ.

ಸುದ್ದಿ ತಿಳಿದು ಕೇರಿಯವರು ಒಬ್ಬೊಬ್ಬರಾಗಿ ಬಂದು ಮಂಚದ ಸುತ್ತ ನೆರೆದರು. ಸದ್ಯ, ಕೇಳಿದವರೇ ಇದ್ದಾರಲ್ಲ ಎಂದು ಹೋಮಿದ್‌ಜಾನ್ ಕೈಮುಗಿದ. “ನಾನೇನು ಹೇಳಿದೆ ಅಂತ ಯಾರಾದ್ರೂ ಹೇಳಿ!”

“ಬರ್ಕೋ ನಿಗೋರಾ,” ಎಂದರು ಯೂಲ್ದಾಶ್ ಬೋಬೋ. “ಪೂಜ್ಯ ಅಜ್ಜ ಒಂದು ಅರಬ್ಬೀ ಕುದುರೆ ಕೊಟ್ರು. ಬೆಟ್ಟದಂಥ ಕುದುರೆ.”

“ಅರಬ್ಬೀ ಅನ್ನಲೇ ಇಲ್ಲ!” ಎಂದಳು ಗುಲ್ಸುಮ್ ಖಾಲಾ. “ಮೊದಲು ಬಂದದ್ದು ನನ್ನ ಕಣ್ಣೀರು. ‘ಕಣ್ಣೀರನ್ನ ಎದೆಯಲ್ಲಿಟ್ಟೆ’ ಅಂದ. ಅಲ್ವಾ ಮಗನೇ?”

“ಅದೆಲ್ಲಾ ಪೀಠಿಕೆ,” ಎಂದ ಶೋದಿ. “ಪದ್ಯದ ತಿರುಳು ಇರೋದು ಮರದ ಹಿಂದೆ. ‘ಮರದ ಹಿಂದೆ ಒಬ್ಬ ಮಹಾನುಭಾವ ನಿಂತಿದ್ದ.’ ಮೃತ್ಯು ಅಂತ ಟೀಚರೇ ಹೇಳ್ಲಿಲ್ವಾ?”

ನಿಗೋರಾ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕೊನೆಗೆ ಮೂವರೂ ಜಗಳವಾಡಿ ಒಪ್ಪಿಕೊಂಡ ಒಂದು ಪದ್ಯ ತಯಾರಾಯಿತು. ಅದರಲ್ಲಿ ಕುದುರೆಗೆ ರೆಕ್ಕೆ ಬಂದಿತ್ತು, ಕಣ್ಣೀರು ಹೊಳೆಯಾಗಿ ಹರಿದಿತ್ತು, ಬೋಲ್ಟು ಎಲ್ಲಿಯೋ ಬಿದ್ದುಹೋಗಿತ್ತು. ಹಾಳೆಯ ಎರಡೂ ಬದಿ ತುಂಬಿತ್ತು.

“ಹ್ಞಾಂ, ಈಗ ಬಾಯಿಪಾಠ ಮಾಡು,” ಎಂದರು ಬೋಬೋ. “ಎದ್ದು ನಿಂತು ಹೇಳು.”

ಹೋಮಿದ್‌ಜಾನ್ ಎದ್ದು ನಿಂತ. ಕೈ ಕಟ್ಟಿಕೊಂಡ. “ನನ್ನ ಹತ್ರ ಪದ್ಯ ಇಲ್ಲ. ಬೆಳಿಗ್ಗೆಯಿಂದ ಎಲ್ಲಾರೂ ಕೊಟ್ರು. ಅಜ್ಜ ಒಂದು ಕುದುರೆ ಕೊಟ್ರು…”

ಊರುಗೋಲು ನೆಲಕ್ಕೆ ಬಡಿಯಿತು.

“ತಪ್ಪು! ರೆಕ್ಕೆ ಎಲ್ಲೋಯ್ತು? ಕವಿ ಬಾಯಿಂದ ಒಂದ್ಸಲ ಬಂದ್ಮೇಲೆ ಮುಗೀತು ಕಣೋ, ಅದನ್ನ ತಿದ್ದೋಕೆ ನೀನ್ಯಾರು? ಮೊದಲಿಂದ ಹೇಳು!”